ಸುಟ್ಟಿದೆ ಎಂದು ಹೇಳಿದ ಟ್ವೀಟರ್ ಸುಟ್ಟಿರಲಿಲ್ಲ: ಹಳೆಯ ಸ್ಪೀಕರ್ ರಿಪೇರಿಗೆ ಕೊಡುವವರು ಓದಲೇಬೇಕಾದದ್ದು

ಮನೆಯಲ್ಲಿ ಹಳೆಯ ಕಾಲದ ಒಳ್ಳೆಯ ಸ್ಪೀಕರ್ ಜೋಡಿ ಇದ್ದು, ಅದನ್ನು ಮತ್ತೆ ಹಾಡಿಸಬೇಕು ಎಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಮೀಟರ್ ಹಿಡಿದು ನಿಮ್ಮ ಕಣ್ಣೆದುರಿಗೆ ತೋರಿಸುವ ತನಕ ಯಾರಿಗೂ ಅದನ್ನು ಬದಲಿಸಲು ಬಿಡಬೇಡಿ. ಬಿಚ್ಚಿದ ಭಾಗ ನಿಮ್ಮ ಮನೆಯ ಹೊಸ್ತಿಲು ದಾಟಲು ಬಿಡಬೇಡಿ. ಈ ಎರಡು ಮಾತನ್ನು ನಮ್ಮ ಸೋದರಮಾವನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಅವರ ಜೋಡಿಯಲ್ಲಿ ಒಂದು ಪೆಟ್ಟಿಗೆ ಇಂದು ಹೀಗೆ ಹಾಳಾಗಿ ಕೂತಿರುತ್ತಿರಲಿಲ್ಲ.

ಮಾವ 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಕೊಂಡು, ಊರಿಗೆ ಮರಳುವಾಗ ಹಡಗಿನಲ್ಲಿ ಹಾಕಿಸಿ ಬೆಂಗಳೂರಿಗೆ ತಂದ ಎಆರ್-3ಎ ಸ್ಪೀಕರ್‌ಗಳು ಅವು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಕಟ್ಟಿದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಮಾದರಿ ಇದು. 1967ರಲ್ಲಿ ಮಾರುಕಟ್ಟೆಗೆ ಬಂತು. ಒಂದೊಂದು ಪೆಟ್ಟಿಗೆಯೂ ಸುಮಾರು 24 ಕಿಲೋ ತೂಗುತ್ತದೆ. ಒಳಗೆ ಕೆಳಗಿನ ಸ್ವರಗಳಿಗೆ 12 ಇಂಚಿನ ವೂಫರ್, ಮಧ್ಯದವಕ್ಕೆ ಒಂದೂವರೆ ಇಂಚಿನ ಗುಮ್ಮಟದಾಕಾರದ ಮಿಡ್‌ರೇಂಜ್, ಮೇಲಿನವಕ್ಕೆ ಮುಕ್ಕಾಲು ಇಂಚಿನ ಪುಟ್ಟ ಟ್ವೀಟರ್. ಇದರ ಹಿಂದಿನ ಮಾದರಿ ಎಆರ್-3 ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿದೆ ಎಂದರೆ ಇವುಗಳ ಯೋಗ್ಯತೆ ತಿಳಿಯುತ್ತದೆ.

ಇವುಗಳ ಗುಟ್ಟು ಇರುವುದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ. ವಿಲ್ಚರ್ ವೂಫರ್‌ನ ಅಂಚನ್ನು ಬೇಕೆಂದೇ ತುಂಬಾ ಸಡಿಲವಾಗಿ ಇಟ್ಟರು. ಮುಂದೆ ಹೋದ ಕೋನನ್ನು (ಹಿಂದೆ ಮುಂದೆ ಆಡಿ ನಾದ ಹೊರಡಿಸುವ ಶಂಕು) ಹಿಂದಕ್ಕೆ ಎಳೆದು ತರುವ ಕೆಲಸ ಮುಖ್ಯವಾಗಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿಯದು. ಆ ಗಾಳಿಯೇ ಸ್ಪ್ರಿಂಗ್. ಒಳಗೆ ತುಂಬಿದ ಗಾಜಿನ ಉಣ್ಣೆ, ಅಂಚಿನ ಮೃದುತ್ವ, ಪೆಟ್ಟಿಗೆಯ ಬಿಗಿತ, ಈ ಮೂರೂ ಒಂದಕ್ಕೊಂದು ಲೆಕ್ಕ ಹಾಕಿ ಕೂರಿಸಿದವು. ಒಂದನ್ನು ಮನಸ್ಸಿಗೆ ಬಂದಂತೆ ಬದಲಿಸಿದರೆ ಉಳಿದ ಎರಡಕ್ಕೂ ಅರ್ಥ ಉಳಿಯುವುದಿಲ್ಲ. ನಮ್ಮಲ್ಲಿ ಆದದ್ದು ಅದೇ.

ಎರಡೂ ಪೆಟ್ಟಿಗೆಗಳಲ್ಲಿ ಮೇಲಿನ ಸ್ವರಗಳು ನಿಂತುಹೋಗಿದ್ದವು. ದನಿ ಏರಿಸಿದರೆ ವೂಫರ್ ಗರಗರ ಎನ್ನುತ್ತಿತ್ತು. ಮನೆಗೇ ಬಂದು ರಿಪೇರಿ ಮಾಡಿಕೊಡುವ ಒಬ್ಬರನ್ನು ಮಾವ ಕರೆಸಿದರು. ಅವರು ಮುಂಭಾಗದ ಬಟ್ಟೆ ತೆಗೆದು ನೋಡಿದವರೇ, "ಟ್ವೀಟರ್ ಎರಡೂ ಸುಟ್ಟಿವೆ ಸರ್, ವೂಫರ್ ಕೋನ್ ಹೋಗಿದೆ. ಇದಕ್ಕೆಲ್ಲ ಈಗ ಮಾಲು ಸಿಗುವುದಿಲ್ಲ. ಹೊಸದು ಹಾಕಿ, ಬಾಸ್ ಇನ್ನೂ ಜಾಸ್ತಿ ಬರುವ ಹಾಗೆ ಮಾಡಿಫೈ ಮಾಡಿಕೊಡುತ್ತೇನೆ" ಎಂದರಂತೆ. ಮೀಟರ್ ಹೊರಗೆ ತೆಗೆಯಲೇ ಇಲ್ಲ. ಎಂಬತ್ತರ ಸಮೀಪದ ಮಾವ ನಂಬಿದರು. ಅನುಭವಸ್ಥರು ಖಚಿತವಾಗಿ ಹೇಳಿದ ಮಾತನ್ನು ಯಾರಾದರೂ ನಂಬುತ್ತಾರೆ.

ನಾನು ಮೈಸೂರಿನಿಂದ ಹೋಗುವ ಹೊತ್ತಿಗೆ ಒಂದು ಪೆಟ್ಟಿಗೆಯ ಕೆಲಸ ಮುಗಿದಿತ್ತು. ಮಾವ ಒಂದು ಕಛೇರಿಯ ಧ್ವನಿಮುದ್ರಣ ಹಾಕಿದರು. ಮೃದಂಗದ ತೊಪ್ಪಿಯ ಗುಂಕಿ ನಾನು ಹುಡುಗನಾಗಿದ್ದಾಗಿನಿಂದ ಆ ಕೋಣೆಯಲ್ಲಿ ಕೇಳಿದ ನಾದ. ಅದರ ಜಾಗದಲ್ಲಿ ಈಗ ರಟ್ಟಿಗೆ ಹೊಡೆದಂತಹ ಸದ್ದು. ತಂಬೂರಿಯ ಶ್ರುತಿ ಹಿಂದೆ ಸರಿದಿತ್ತು, ಗಾಯಕಿಯ 'ಸ' ಮತ್ತು 'ಶ' ಕಿವಿಗೆ ಚುಚ್ಚುತ್ತಿದ್ದವು. ಮಾವ ಏನೂ ಹೇಳದೆ ದನಿ ತಗ್ಗಿಸಿ ಒಳಗೆ ಹೋದರು. ಎರಡನೆಯ ಪೆಟ್ಟಿಗೆಯನ್ನು ಮುಟ್ಟಬಾರದೆಂದು ರಿಪೇರಿಯವರಿಗೆ ಆಗಲೇ ಫೋನ್ ಮಾಡಿ ತಿಳಿಸಿದೆ.

ಮೊದಲ ಪೆಟ್ಟಿಗೆಯನ್ನು ಬಿಚ್ಚಿದಾಗ ಕಂಡದ್ದನ್ನು ವಿವರವಾಗಿ ಬರೆಯುತ್ತೇನೆ. ಇದೇ 'ಮಾಡಿಫೈ' ನಿಮ್ಮ ಮನೆಗೂ ಬರಬಹುದು. ವೂಫರ್‌ಗೆ ವೇದಿಕೆಯ ಸ್ಪೀಕರ್‌ಗಳಿಗೆ ಹಾಕುವ, ನೆರಿಗೆಯ ಬಿರುಸು ಅಂಚಿನ ಕೋನ್ ಅಂಟಿಸಿದ್ದರು. ಬೆರಳಿನಿಂದ ಒತ್ತಿದರೆ ಅದು ಅಲುಗುವುದೇ ಕಷ್ಟ. ಜೊತೆಗೆ ಕೋನನ್ನು ಆಡಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲನ್ನೂ ಬದಲಿಸಿ 8 ಓಮ್‌ನದು ಹಾಕಿದ್ದರು (ಓಮ್ ಎಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆಯ ಅಳತೆ). ಮೂಲ ಸ್ಪೀಕರ್ 4 ಓಮ್‌ನದು. ಟ್ವೀಟರ್ ಜಾಗದಲ್ಲಿ ಹೆಸರಿಲ್ಲದ ಅಗ್ಗದ ಟ್ವೀಟರ್, ಅದೂ 8 ಓಮ್. ಇದರಿಂದ ಆಗುವ ಅನಾಹುತವನ್ನು ಒಂದು ಲೆಕ್ಕದಲ್ಲಿ ಹೇಳಬಹುದು. ಟ್ವೀಟರ್‌ಗೆ ಕೆಳಗಿನ ಸ್ವರ ಹೋಗದಂತೆ ತಡೆಯಲು ಕಂಪನಿ ಇಟ್ಟಿದ್ದು 6 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. 4 ಓಮ್ ಇದ್ದಾಗ ಅದು ತಡೆಯಲು ಶುರು ಮಾಡುವುದು ಸುಮಾರು 6,600 ಹರ್ಟ್ಸ್‌ನಲ್ಲಿ. ಅದೇ ಕೆಪ್ಯಾಸಿಟರ್ ಮುಂದೆ 8 ಓಮ್ ಬಂದರೆ ಆ ಗಡಿ ಸುಮಾರು 3,300ಕ್ಕೆ ಇಳಿಯುತ್ತದೆ. ಪುಟ್ಟ ಟ್ವೀಟರ್ ತಾನು ಹಾಡಬಾರದ ಸ್ವರಗಳನ್ನೂ ಹಾಡಲು ಹೆಣಗುತ್ತದೆ. ಕಿವಿಗೆ ಚುಚ್ಚುತ್ತಿದ್ದದ್ದು ಇದರಿಂದ. ವೂಫರ್ ಕಡೆ ಇದರ ತಿರುವುಮುರುವು: ಓಮ್ ಹೆಚ್ಚಾದಾಗ, ಮೇಲಿನ ಸ್ವರ ವೂಫರ್‌ಗೆ ಹೋಗದಂತೆ ತಡೆಯುವ ಬೇರೊಂದು ಕಾಯಿಲ್‌ನ ಗಡಿ ಮೇಲಕ್ಕೆ ಹೋಗಿ, ದೊಡ್ಡ ಕೋನ್ ಮಧ್ಯದ ಸ್ವರಗಳ ಮೇಲೂ ಬಂದು ಕೂರುತ್ತದೆ.

ಕೆಪ್ಯಾಸಿಟರ್‌ಗಳೂ ಬದಲಾಗಿದ್ದವು. ಟಿವಿ, ರೇಡಿಯೊಗಳಿಗೆ ಹಾಕುವ, ಪ್ಲಸ್ ಮೈನಸ್ ಗುರುತಿರುವ ಸಾಮಾನ್ಯ ಎಲೆಕ್ಟ್ರೊಲಿಟಿಕ್ ಹಾಕಿದ್ದರು. ಸ್ಪೀಕರ್‌ನಲ್ಲಿ ಹರಿಯುವುದು ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು. ಅಲ್ಲಿ ಅವು ಬಿಸಿಯಾಗಿ ಒಡೆಯಬಹುದು. ಗಾಜಿನ ಉಣ್ಣೆ ಕಾಣೆಯಾಗಿ ದಿಂಬಿನ ಹತ್ತಿ ತುಂಬಿತ್ತು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಹಿಂಬದಿಯ ಹಲಗೆ: ಬಾಸ್ ಹೊರಗೆ ಬರಲಿ ಎಂದು ಅದಕ್ಕೆ ಗರಗಸದಿಂದ ದುಂಡಗೆ ತೂತು ಕೊರೆದು ಪೈಪು ತುರುಕಿದ್ದರು. ಮುಚ್ಚಿದ ಗಾಳಿಯನ್ನೇ ನಂಬಿ ಹುಟ್ಟಿದ ಸ್ಪೀಕರ್‌ಗೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುವುದಿಲ್ಲ.

ಬಿಚ್ಚಿದ ಟ್ವೀಟರ್, ಕೋನ್ ಎಲ್ಲಿ ಎಂದು ಕೇಳಿದರೆ, "ಕೆಟ್ಟ ಸಾಮಾನು ಸರ್, ಗುಜರಿಗೆ ಹಾಕಿದೆ" ಎಂಬ ಉತ್ತರ ಬಂತು. ನಿಜವಾಗಿಯೂ ಗುಜರಿಗೆ ಹೋಯಿತೋ, ಬೇರೆ ಯಾರ ಕೈಗೋ ಸೇರಿತೋ ಹೇಳಲಾರೆ. ಆರೋಪ ಹೊರಿಸುವ ಉದ್ದೇಶವೂ ನನಗಿಲ್ಲ. ಆದರೆ ಇಂತಹ ಮೂಲ ಭಾಗಗಳನ್ನು ಹುಡುಕಿ ಕೊಳ್ಳುವವರು ಪ್ರಪಂಚದಾದ್ಯಂತ ಇದ್ದಾರೆ. ಕಂಪನಿ ಅವನ್ನು ಮಾಡುವುದನ್ನು ನಿಲ್ಲಿಸಿ ದಶಕಗಳೇ ಆದವು. ಕೆಟ್ಟ ಟ್ವೀಟರ್ ಕೂಡ ಕಸವಲ್ಲ.

ಇನ್ನು ಎರಡನೆಯ ಪೆಟ್ಟಿಗೆ. ಇದರ ಟ್ವೀಟರ್ ಕೂಡ ಸುಟ್ಟಿದೆ ಎಂದೇ ಹೇಳಿದ್ದರು. ಹಿಂಬದಿಯಲ್ಲಿ ತಿರುಗಿಸುವ ಎರಡು ಗುಬ್ಬಿಗಳಿವೆ, ಒಂದು ಮಿಡ್‌ರೇಂಜ್ ಮಟ್ಟಕ್ಕೆ, ಇನ್ನೊಂದು ಟ್ವೀಟರ್ ಮಟ್ಟಕ್ಕೆ. ಟ್ವೀಟರ್ ಗುಬ್ಬಿಯನ್ನು ಆ ತುದಿಯಿಂದ ಈ ತುದಿಗೆ ಮೆಲ್ಲಗೆ ತಿರುಗಿಸುತ್ತಾ ಹೋದಾಗ, ಒಂದು ಕಡೆ ಚರ್ ಎಂದು ಸದ್ದಾಗಿ ಕ್ಷಣಮಾತ್ರ ತಾಳದ ಕಿಣಿಕಿಣಿ ಕೇಳಿ ಮತ್ತೆ ಮಾಯವಾಯಿತು. ಸುಟ್ಟ ಟ್ವೀಟರ್ ಹಾಗೆ ಕ್ಷಣಕಾಲ ಹಾಡುವುದಿಲ್ಲ. ವೂಫರ್ ಬಿಚ್ಚಿ ಒಳಗೆ ಕೈ ಹಾಕಿ ಆ ಕಂಟ್ರೋಲನ್ನು ಹೊರಗೆ ತೆಗೆದೆ. ಮುಚ್ಚಳ ಎಬ್ಬಿಸಿದರೆ ಸುತ್ತಿದ ತಂತಿಯ ಮೇಲೆಲ್ಲ ಹಸಿರು ಕಿಲುಬು, ಅದರ ಮೇಲೆ ಜಾರಬೇಕಾದ ಲೋಹದ ತುಂಡಿನ ಅಡಿಯಲ್ಲಿ ಬಿಳಿಹಸಿರು ಹಿಟ್ಟಿನ ಪದರ. ವಿದ್ಯುತ್ತು ದಾಟಿ ಹೋಗಲು ಅಲ್ಲಿ ದಾರಿಯೇ ಇರಲಿಲ್ಲ. ಆ ಕಾಲದ ಎಆರ್ ಸ್ಪೀಕರ್‌ಗಳಿಗೆ ಇದು ಹುಟ್ಟಿನಿಂದ ಬಂದ ಕಾಯಿಲೆ. ಬಲ್ಲವರು ಮೊದಲು ನೋಡುವುದೇ ಈ ಜಾಗವನ್ನು. ಐಸೊಪ್ರೊಪೈಲ್ ಆಲ್ಕೊಹಾಲ್, ಸಣ್ಣ ಬ್ರಷ್ಷು, ತೀರಾ ನಯವಾದ ಎಮರಿ ಕಾಗದ, ಕೊನೆಗೆ ಕಾಂಟ್ಯಾಕ್ಟ್ ಕ್ಲೀನರ್: ಇಷ್ಟೇ ಸಾಕಾಯಿತು. (ಹುಣಸೆಹಣ್ಣು ಹಿತ್ತಾಳೆ ಪಾತ್ರೆಗೆ ಒಳ್ಳೆಯದು, ಇಲ್ಲಿ ಬೇಡ, ಅದರ ಹುಳಿ, ತೇವ ಒಳಗೆ ಉಳಿದರೆ ಮತ್ತೆ ಕಿಲುಬು ಹಿಡಿಯುತ್ತದೆ.) ಸೇರಿಸಿ ಜೋಡಿಸಿದಾಗ ಟ್ವೀಟರ್ ತಾನಾಗಿ ಹಾಡಿತು. ಮೊದಲ ಪೆಟ್ಟಿಗೆಯಲ್ಲಿ ತಂತಿ ಕತ್ತರಿಸಿ ಬಿಟ್ಟಿದ್ದ ಹಳೆಯ ಕಂಟ್ರೋಲ್ ಇನ್ನೂ ತೂಗಾಡುತ್ತಿತ್ತು. ಅದನ್ನೂ ತೆರೆದು ನೋಡಿದೆ. ಅದೇ ಹಸಿರು.

ವೂಫರ್‌ನ ಗರಗರಕ್ಕೆ ಕಾರಣ ಫೋಮ್ ಅಂಚು. ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಶಿಥಿಲವಾಗುತ್ತದೆ. ಮುಟ್ಟಿದರೆ ಬೆರಳಿಗೆ ಕಪ್ಪು ಪುಡಿ ಮೆತ್ತಿಕೊಳ್ಳುತ್ತದೆ. ಕರಾವಳಿಯ ಮನೆಗಳಲ್ಲಿ ಇನ್ನೂ ಬೇಗ. ಇದಕ್ಕೆ ಕೋನ್ ಬದಲಿಸಬೇಕಾಗಿಯೇ ಇಲ್ಲ. ಮಾದರಿಗೆ ಸರಿಯಾದ ಅಂಚು ಮಾತ್ರ ಹೊರದೇಶದಿಂದ ತರಿಸಬಹುದು. ಹಳೆಯ ಫೋಮನ್ನೂ ಅಂಟನ್ನೂ ತಾಳ್ಮೆಯಿಂದ ಕೆರೆದು ತೆಗೆದು, ಹೊಸ ಅಂಚನ್ನು ಮೊದಲು ಕೋನ್‌ಗೆ ಅಂಟಿಸಿ ರಾತ್ರಿಯಿಡೀ ಒಣಗಲು ಬಿಡಿ. ಮರುದಿನ ಫ್ರೇಮಿಗೆ ಅಂಟಿಸುವಾಗ 30 ಹರ್ಟ್ಸ್‌ನ ಸ್ವರವನ್ನು ಸಣ್ಣ ಮಟ್ಟದಲ್ಲಿ ಹರಿಸಿ. ಕೋನ್ ಉಸಿರಾಡುವಂತೆ ಹಿಂದೆ ಮುಂದೆ ಆಡುತ್ತಿರುವಾಗಲೇ ಅಂಚನ್ನು ಸುತ್ತಲೂ ಒತ್ತುತ್ತಾ ಬನ್ನಿ. ಕರಕರ ಕೇಳಿಸಿದರೆ ವಾಯ್ಸ್ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜುತ್ತಿದೆ ಎಂದರ್ಥ. ಕೋನನ್ನು ಆಚೀಚೆ ಕೂದಲೆಳೆಯಷ್ಟು ಸರಿಸಿ ನೋಡಿದರೆ ಒಂದು ಕಡೆ ಸದ್ದು ನಿಲ್ಲುತ್ತದೆ. ನಿಧಾನವಾಗಿ ಒಣಗುವ, ನೀರಿನಲ್ಲಿ ಕರಗುವ ಬಿಳಿ ಅಂಟು ಬೇಕಾಗುವುದು ಇದಕ್ಕೇ. ಕ್ಷಣದಲ್ಲಿ ಹಿಡಿದುಕೊಳ್ಳುವ ಅಂಟು ಹಾಕಿದರೆ ಸರಿಸಲು ಅವಕಾಶವೇ ಇಲ್ಲ, ಮೇಲಾಗಿ ಅದು ಗಾಜಿನಂತೆ ಬಿರುಸಾಗುತ್ತದೆ.

ಸ್ವರಗಳನ್ನು ವೂಫರ್, ಮಿಡ್‌ರೇಂಜ್, ಟ್ವೀಟರ್‌ಗಳಿಗೆ ಹಂಚುವ ಕ್ರಾಸ್‌ಓವರ್‌ನ 6, 50, 150 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ಗಳನ್ನು ಅಳೆದು ನೋಡಿ, ಅಳತೆ ಏರಿಳಿದಿದ್ದರೆ ಮಾತ್ರ ಅದೇ ಅಳತೆಯ, ಪ್ಲಸ್ ಮೈನಸ್ ಧ್ರುವವಿಲ್ಲದವನ್ನು ಹಾಕಿ. ದುಬಾರಿ ಫಿಲ್ಮ್ ಕೆಪ್ಯಾಸಿಟರ್ ಹಾಕಿದರೆ ನಾದ ಉತ್ತಮವಾಗುತ್ತದೆ ಎಂಬ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ. ಹಳೆಯ ಎಲೆಕ್ಟ್ರೊಲಿಟಿಕ್‌ಗಳಿಗೆ ತಮ್ಮದೇ ಒಂದಿಷ್ಟು ಪ್ರತಿರೋಧ ಇರುತ್ತದೆ, ವಿನ್ಯಾಸಕಾರರು ಅದನ್ನೂ ಸೇರಿಸಿಯೇ ನಾದ ಹೊಂದಿಸಿರುತ್ತಾರೆ. ಅದು ಹೋದರೆ ಟ್ವೀಟರ್ ಅಬ್ಬರಿಸಬಹುದು. ಅಂಥಲ್ಲಿ ಅರ್ಧ ಓಮ್ ಆಸುಪಾಸಿನ ರೆಸಿಸ್ಟರ್ ಸಾಲಿನಲ್ಲಿ ಸೇರಿಸುವುದು ವಾಡಿಕೆ. ಗಾಜಿನ ಉಣ್ಣೆ ಮುಟ್ಟುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು.

ಬೇರೆ ಕಂಪನಿಯ ಸ್ಪೀಕರ್ ಇರುವವರಿಗೂ ಒಂದೆರಡು ಮಾತು. ಎಲ್ಲ ಅಂಚೂ ಫೋಮ್ ಅಲ್ಲ. ಬಿಬಿಸಿ ತನ್ನ ಬಳಕೆಗಾಗಿ ರೂಪಿಸಿದ ಎಲ್‌ಎಸ್3/5ಎ ಸ್ಪೀಕರ್‌ನಲ್ಲಿರುವ ಕೆಇಎಫ್ ಕಂಪನಿಯ ಬಿ110 ವೂಫರ್‌ನ ಅಂಚು ರಬ್ಬರಿನದು, ದಶಕಗಳ ಕಾಲ ಬಾಳುತ್ತದೆ. "ಹಳೆಯದಾಯಿತು" ಎಂಬ ಒಂದೇ ಕಾರಣಕ್ಕೆ ಅದನ್ನು ಕಿತ್ತುಹಾಕಲು ಬಿಡಬೇಡಿ. ಯಮಾಹ ಎನ್ಎಸ್-1000 ಇದ್ದರೆ ಅದರ ಮಿಡ್‌ರೇಂಜ್, ಟ್ವೀಟರ್ ಎರಡರ ಗುಮ್ಮಟಗಳೂ ಬೆರಿಲಿಯಂ ಲೋಹದವು. ಒಡೆದಿದ್ದರೆ ಉಜ್ಜುವುದು, ಕೆರೆಯುವುದು ಖಂಡಿತ ಬೇಡ. ಆ ಧೂಳು ಶ್ವಾಸಕೋಶಕ್ಕೆ ವಿಷ. ಬ್ಯಾಟರಿ ಮುಟ್ಟಿಸಿ ಪ್ಲಸ್ ಮೈನಸ್ ನೋಡುವ ಪರೀಕ್ಷೆ ವೂಫರ್‌ಗೆ ಮಾತ್ರ, ಟ್ವೀಟರ್‌ಗೆ ಎಂದಿಗೂ ಅಲ್ಲ.

ರಿಪೇರಿಯವರೆಲ್ಲರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಕಿವಿಯೂ ಕೈಯೂ ಪಳಗಿದ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅಂಥವರಿಗೆ ಕೊಡಿ. ಕೊಡುವ ಮೊದಲು ಪ್ರತಿ ಡ್ರೈವರ್‌ನ (ವೂಫರ್, ಮಿಡ್‌ರೇಂಜ್, ಟ್ವೀಟರ್ ಇವೆಲ್ಲ ಡ್ರೈವರ್‌ಗಳೇ) ಹಿಂಬದಿಯ ಸಂಖ್ಯೆಗಳ ಫೋಟೊ ತೆಗೆದಿಡಿ. ತೆಗೆದ ಪ್ರತಿ ತುಂಡೂ ವಾಪಸ್ ಬರಬೇಕು ಎಂದು ರಸೀದಿಯ ಮೇಲೆಯೇ ಬರೆಸಿ. ಮೀಟರ್ ಇಟ್ಟು ತೋರಿಸಿ ಎಂದು ಕೇಳಲು ಸಂಕೋಚ ಬೇಡ: 4 ಓಮ್ ಡ್ರೈವರ್ ಬದುಕಿದ್ದರೆ ಮೀಟರ್ 3ರ ಆಸುಪಾಸು ತೋರಿಸುತ್ತದೆ, ಸುಟ್ಟಿದ್ದರೆ ಏನೂ ತೋರಿಸುವುದಿಲ್ಲ. ಅರ್ಧ ನಿಮಿಷದ ಕೆಲಸ. ಅದಕ್ಕೆ ಬೇಸರಿಸುವವರ ಕೈಗೆ ಪೆಟ್ಟಿಗೆ ಒಪ್ಪಿಸಬೇಡಿ. ಬದಲಾವಣೆ ಮಾಡಲೇಬೇಕೆಂದಿದ್ದರೆ ನಾಳೆ ಬೇಡವೆನಿಸಿದಾಗ ಹಿಂದಕ್ಕೆ ತೆಗೆಯಲು ಬರುವಂಥದ್ದನ್ನೇ ಮಾಡಿಸಿ. ಕಿಲುಬು ತಿಂದ ಕಂಟ್ರೋಲ್ ಬದಲು ಹೊಸದು ಹಾಕಿ ಹಳೆಯದನ್ನು ಚೀಲದಲ್ಲಿಟ್ಟು ಪೆಟ್ಟಿಗೆಯೊಳಗೇ ಕಟ್ಟಿಡಬಹುದು. ಕೊರೆದ ತೂತಿಗೆ ಅಂತಹ ದಾರಿಯಿಲ್ಲ.

ಮೊದಲ ಪೆಟ್ಟಿಗೆಯ ತೂತಿಗೆ ಬಡಗಿಯೊಬ್ಬರಿಂದ ಅಷ್ಟೇ ದಪ್ಪದ ಮರದ ಬಿಲ್ಲೆ ಕೂರಿಸಿ, ಒಳಗಿನಿಂದ ಗಾಳಿಯಾಡದಂತೆ ಮುಚ್ಚಿಸಿದ್ದೇನೆ. ಈಗ ಬೇಕಿರುವುದು ಒಂದು 12 ಇಂಚಿನ ಎಆರ್ ವೂಫರ್ ಮತ್ತು ಒಂದು ಟ್ವೀಟರ್. ಎಆರ್-ಎಲ್‌ಎಸ್‌ಟಿ ಅಥವಾ ಎಆರ್-11 ಮಾದರಿಯಿಂದ ತೆಗೆದ ವೂಫರ್ ಆದರೂ ಆಗುತ್ತದೆ. ಫೋಮ್ ಪೂರ್ತಿ ಪುಡಿಯಾಗಿದ್ದರೂ ಅಡ್ಡಿಯಿಲ್ಲ, ಕೋನ್ ಮತ್ತು ವಾಯ್ಸ್ ಕಾಯಿಲ್ ಮಾತ್ರ ಕಂಪನಿಯವೇ ಆಗಿರಬೇಕು. ಯಾರ ಅಟ್ಟದ ಮೇಲಾದರೂ ಇದ್ದರೆ, ಗುಜರಿಗೆ ಹಾಕುವ ಮುನ್ನ ದಯವಿಟ್ಟು ನನಗೊಂದು ಮಾತು ತಿಳಿಸಿ.