ಒಂದು ರೇಡಿಯೇಟರ್ ಫ್ಯಾನಿಗೆ ಮೂರು ತಿಂಗಳು: ದಾವಣಗೆರೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು

ದಾವಣಗೆರೆಯ ಹಳೇ ಕಾರುಗಳ ವ್ಯಾಪಾರಿಯೊಬ್ಬರ ಹತ್ತಿರ 2017ರ ಪೆಟ್ರೋಲ್ ಕಾರು ಕೊಂಡು 14 ತಿಂಗಳಾಯ್ತು. ಕೊಟ್ಟಿದ್ದು 3,65,000. ಓಡಿಸಿದ್ದು ಸುಮಾರು 11,000 ಕಿ.ಮೀ. ‘ಸಿಂಗಲ್ ಓನರ್ ಸರ್, ಡಾಕ್ಟ್ರು ಓಡ್ಸಿದ ಗಾಡಿ’ ಅಂದ್ರು. ಈ ರಾಜ್ಯದಲ್ಲಿ ಮಾರಾಟಕ್ಕಿರೋ ಹಳೇ ಕಾರೆಲ್ಲ ಡಾಕ್ಟ್ರುಗಳದ್ದೇ ಇರಬೇಕು.

ಫೆಬ್ರವರಿಯಲ್ಲಿ ತಗೊಂಡೆ, ಮಾರ್ಚ್ ಬಂತು. ಮಂಡಿಪೇಟೆಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕ್ಕೊಂಡು ಎಸಿ ಹಾಕ್ಕೊಂಡು ಕೂತಿದ್ದಾಗ ಟೆಂಪರೇಚರ್ ಮುಳ್ಳು ಮೇಲೇರೋಕೆ ಶುರುವಾಯ್ತು. ವ್ಯಾಪಾರಿ ಹತ್ತಿರ ಒಯ್ದೆ. ಅವರ ಹುಡುಗ ಕೂಲಂಟ್ ತುಂಬಿಸಿ, ಬೈಪಾಸ್‌ನಲ್ಲಿ ಒಂದು ರೌಂಡ್ ಹೋಗಿಬಂದು ‘ಏನೂ ಇಲ್ಲ ಸರ್, ಗಾಡಿ ಕಂಡೀಷನ್ ಐತಿ’ ಅಂದ. ಹಿಂಗೇ ಮೂರು ಸಲ. ಪ್ರತಿ ಸಲವೂ ಬೈಪಾಸ್, ಪ್ರತಿ ಸಲವೂ ಕಂಡೀಷನ್. ನಡುವೆ ನಾನು ಹೋದಾಗೆಲ್ಲ ಟೀ ತರಿಸ್ತಿದ್ರು, ಮರ್ಯಾದೆಗೇನೂ ಕಮ್ಮಿಯಿಲ್ಲ. ಕೆಲಸ ಮಾತ್ರ ಬಾಗಿಲ ಮೇಲೆ ಬರೆಯೋ ‘ನಾಳೆ ಬಾ’ ಥರ.

ಗುಟ್ಟು ಗೊತ್ತಾಗಿದ್ದು ಚಿತ್ರದುರ್ಗಕ್ಕೆ ಹೋದಾಗ. ಹೈವೇಯಲ್ಲಿ ಅರವತ್ತು ಕಿ.ಮೀ. ಮುಳ್ಳು ಅಲ್ಲಾಡಲಿಲ್ಲ. ಊರೊಳಗೆ ಕೋಟೆ ಕಡೆ ಹೋಗೋ ಗದ್ದಲದಲ್ಲಿ ನಿಂತಿದ್ದೇ ತಡ, ಸರ್ರನೆ ಏರ್ತು. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತೆ. ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ಅದು ಸತ್ತಿದ್ರೆ ಬೈಪಾಸ್‌ನಲ್ಲಿ ಯಾವತ್ತೂ ಸಿಕ್ಕಿಬೀಳಲ್ಲ. ಅಲ್ಲಿಯ ಎಲೆಕ್ಟ್ರಿಷಿಯನ್ ಒಬ್ಬರು ಬಾನೆಟ್ ತೆಗೆಸಿ, ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಸಿದ್ರು. ಫ್ಯಾನ್ ತಿರುಗಲಿಲ್ಲ. ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ರೂ ಇಲ್ಲ. ‘ಮೋಟರ್ ಹೋಗೈತಣ್ಣ’ ಅಂದ್ರು. ಎರಡು ನಿಮಿಷ, ನೂರು ರೂಪಾಯಿ. ಹಳೇ ಕಾರು ನೋಡೋಕೆ ಹೋಗೋರು ಈ ಎರಡು ನಿಮಿಷದ ಪರೀಕ್ಷೆಯನ್ನ ಅಲ್ಲೇ ಮಾಡ್ಕೊಳ್ಳಿ, ನಾನು ಮಾಡಲಿಲ್ಲ.

ವಾಪಸ್ ಬಂದು ಹೇಳಿದ್ರೆ ವ್ಯಾಪಾರಿ ಬಿಲ್ಲಿನ ಹಿಂಭಾಗ ತೋರಿಸಿದ್ರು: ಎಂಜಿನ್, ಗೇರ್‌ಬಾಕ್ಸ್‌ಗೆ ಮಾತ್ರ 6 ತಿಂಗಳು ವಾರಂಟಿ. ಫ್ಯಾನ್ ಅದರಲ್ಲಿ ಬರಲ್ಲವಂತೆ. ಹಿಂಗೇ ಬಿಸಿಯಾಗಿ ಎಂಜಿನ್ನಿನೊಳಗಿನ ಹೆಡ್ ಗ್ಯಾಸ್ಕೆಟ್ ಸುಟ್ರೆ ಅದು ಯಾರ ಎಂಜಿನ್ ಅಂತ ಕೇಳಿದೆ. ‘ಅವಾಗ ನೋಡಾಣ’ ಅಂದ್ರು.

ಆಮೇಲೆ ಬಾಯಿಮಾತು ಬಿಟ್ಟೆ. ಗಾಡಿ ಬಿಟ್ಟ ಮೂರೂ ತಾರೀಖು, ಮುಳ್ಳು ಏರೋ ವಿಡಿಯೋ, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಚೀಟಿ, ಎಲ್ಲ ಸೇರಿಸಿ ಒಂದು ಪುಟದ ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿದೆ. 15 ದಿನದಲ್ಲಿ ಸರಿಮಾಡದಿದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂತ ಕೊನೇ ಸಾಲು. ಸುಮ್ಮನೆ ಹೆದರಿಸೋಕಲ್ಲ, ವಿಚಾರಿಸಿಕೊಂಡೇ ಬರೆದದ್ದು: ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ಬರೆಸಿದೆ.

ಐದನೇ ದಿನ ಫೋನ್. ‘ಏನ್ಸರ್, ಒಂದೇ ಊರಾಗಿರೋರು, ಲೆಟ್ರು ಗಿಟ್ರು ಯಾಕೆ?’ ಮೋಟರ್ ಅವರು ತಂದ್ರು, ಕೂಲಿ 600 ನಾನು ಕೊಟ್ಟೆ. ಪೂರ್ತಿ ಅವರೇ ಕೊಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಮೇ ತಿಂಗಳ ಬಿಸಿಲಲ್ಲಿ 600 ರೂಪಾಯಿಗೆ ಜಗಳ ಬೇಡ ಅನ್ನಿಸ್ತು. ಅವತ್ತಿಂದ ಎರಡನೇ ಬೇಸಿಗೆಯೂ ಬಂತು, ಮುಳ್ಳು ಅರ್ಧ ದಾಟಿಲ್ಲ.

ಒಳ್ಳೇದನ್ನೂ ಹೇಳಬೇಕು. ಆರ್‌ಸಿ ತಿಂಗಳೊಳಗೆ ನನ್ನ ಹೆಸರಿಗೆ ಮಾಡಿಸಿಕೊಟ್ರು, ಅದಕ್ಕೆ ಒಂದು ಸಲವೂ ಅಲೆಯಲಿಲ್ಲ. ಇನ್ಷೂರೆನ್ಸ್ ಮಾತ್ರ ‘ತಾನಾಗೇ ಆಗುತ್ತೆ’ ಅಂದಿದ್ದು ಅರ್ಧ ಸತ್ಯ. ಥರ್ಡ್ ಪಾರ್ಟಿ ಅಷ್ಟೇ ತಾನಾಗಿ ಬರೋದು. ನಮ್ಮ ಗಾಡಿಯ ನಷ್ಟಕ್ಕೆ ಕವರ್ ಬೇಕಂದ್ರೆ 14 ದಿನದೊಳಗೆ ನಾವೇ ಅರ್ಜಿ ಕೊಡಬೇಕು. ಬ್ಯಾಂಕಲ್ಲಿರೋ ಗೆಳೆಯ ಹೇಳಿದ್ದಕ್ಕೆ ಒಂಬತ್ತನೇ ದಿನ ಓಡಿದೆ.

ಗಾಡಿಗೆ ಐದಕ್ಕೆ ನಾಲ್ಕು. ವ್ಯಾಪಾರಿಗೆ ಎರಡು, ಅದರಲ್ಲಿ ಒಂದು ಆರ್‌ಸಿಗೆ. ಕೊಳ್ಳುವಾಗ ‘ಮನೇಲೈತಿ, ತಂದ್ಕೊಡ್ತೀನಿ’ ಅಂದಿದ್ದ ಎರಡನೇ ಕೀ ಇನ್ನೂ ಬಂದಿಲ್ಲ.