ಒಂಬತ್ತು ವರ್ಷದ ಬಳಕೆ: ಬಾವಿ ಪಂಪಿನ 100 ಲೀಟರ್ ಪ್ರೆಶರ್ ಟ್ಯಾಂಕ್

ಮನೆಯ ಬಾವಿಯ ಪಂಪಿಗೆ 100 ಲೀಟರಿನ ಬ್ಲ್ಯಾಡರ್ ಟ್ಯಾಂಕ್ (ಒಳಗಿನ ರಬ್ಬರ್ ಚೀಲದಲ್ಲಿ ನೀರು, ಅದರ ಸುತ್ತ ಒತ್ತಿ ತುಂಬಿದ ಗಾಳಿ), 40/60 ಪ್ರೆಶರ್ ಸ್ವಿಚ್ (ನೀರಿನ ಒತ್ತಡ 40 ಪಿಎಸ್‌ಐಗೆ ಇಳಿದರೆ ಪಂಪ್ ಶುರು, 60ಕ್ಕೆ ಏರಿದರೆ ಬಂದ್; ಪಿಎಸ್‌ಐ ಅಂದರೆ ಒತ್ತಡದ ಅಳತೆ) ಜೋಡಿಸಿ ಒಂಬತ್ತು ವರ್ಷವಾಯಿತು. ಇಷ್ಟರಲ್ಲಿ ಟ್ಯಾಂಕಿನ ಒಳಗಿನ ರಬ್ಬರ್ ಚೀಲ ಒಮ್ಮೆ ಬದಲಾಗಿದೆ, ಸ್ವಿಚ್ ಎರಡನೆಯದು. ಮೋಟಾರ್ ಮಾತ್ರ ಮೊದಲಿನದೇ. ಅದು ಇಷ್ಟು ಬಾಳಿದ್ದಕ್ಕೆ ಟ್ಯಾಂಕಿನ ಗಾಳಿಯನ್ನು ತಪ್ಪದೆ ನೋಡಿಕೊಂಡದ್ದೇ ಕಾರಣ ಅನ್ನುವುದು ನನ್ನ ಗಟ್ಟಿ ನಂಬಿಕೆ. ಟ್ಯಾಂಕ್ ಕೂರಿಸಿದಾಗ ಗಾಳಿಯ ವಿಷಯ ಯಾರೂ ಎತ್ತಿರಲಿಲ್ಲ.

ಮೊದಲ ಎರಡು ವರ್ಷ ಏನೂ ತಕರಾರಿಲ್ಲ. ಮೂರನೇ ವರ್ಷ ಸ್ನಾನಕ್ಕೆ ನಿಂತರೆ ನೀರು ಒಮ್ಮೆ ರಭಸ, ಒಮ್ಮೆ ಸಪ್ಪೆ. ಸ್ವಿಚ್ಚಿನ ಟಕ್ ಸದ್ದು ಪದೇ ಪದೇ ಕೇಳತೊಡಗಿತು. ನೋಡಲು ಬಂದವರು ಪಂಪ್ ಹೋಗಿದೆ, ಮೇಲೆತ್ತಿ ಬದಲಿಸಿ ಅಂದರು. ನನಗೆ ಮನಸ್ಸೊಪ್ಪಲಿಲ್ಲ. ಪಂಪ್ 60 ಪಿಎಸ್‌ಐಗೆ ನಿಂತ ಕೂಡಲೇ ಮೇನ್ ಆರಿಸಿ, ಗೇಜಿನ ಮುಳ್ಳು 40ಕ್ಕೆ ಇಳಿಯುವ ತನಕ ನಲ್ಲಿಗೆ ಬಕೆಟ್ ಹಿಡಿದೆ. ಹನ್ನೆರಡು ಲೀಟರಿಗೇ ಮುಳ್ಳು ಇಳಿದುಬಿಟ್ಟಿತು! ಗಾಳಿ ಸರಿಯಿದ್ದರೆ ಈ ಅಳತೆಯ ಟ್ಯಾಂಕಿನಿಂದ ಸುಮಾರು 25 ಲೀಟರ್ ಬರಬೇಕು. (100 ಲೀಟರ್ ಟ್ಯಾಂಕ್ ಅಂದರೆ 100 ಲೀಟರ್ ನೀರು ಅಂದುಕೊಂಡು ಕೊಳ್ಳಬೇಡಿ, ಉಳಿದ ಜಾಗವೆಲ್ಲ ಗಾಳಿಗೂ ಹೊರಬರದ ನೀರಿಗೂ ಸೇರಿದ್ದು.)

ಆಮೇಲೆ ನಲ್ಲಿ ತೆರೆದೇ ಇಟ್ಟು ನೀರನ್ನೆಲ್ಲ ಬಸಿದು, ತಲೆಯ ಮೇಲಿನ ವಾಲ್ವಿಗೆ ಟಯರ್ ಗೇಜ್ ಒತ್ತಿದೆ. 9 ಪಿಎಸ್‌ಐ. ಇರಬೇಕಾದ್ದು 38, ಅಂದರೆ ಪಂಪ್ ಶುರುವಾಗುವ ಒತ್ತಡಕ್ಕಿಂತ 2 ಕಡಿಮೆ. ಸೈಕಲ್ ಪಂಪಿನಲ್ಲಿ ನೂರಾರು ಸಲ ಒತ್ತಿ ತೋಳು ಸೋತುಹೋಯಿತು. ಈಗ ಕಾರಿನ ಟಯರಿಗೆ ಬಳಸುವ ಪುಟ್ಟ ಕಂಪ್ರೆಸರ್ ಇಟ್ಟುಕೊಂಡಿದ್ದೇನೆ. ಗಾಳಿ ತುಂಬಿದ ದಿನವೇ ನೀರು ಮೊದಲಿನಂತಾಯಿತು. ಪಂಪನ್ನು ಮುಟ್ಟಲೇ ಇಲ್ಲ.

ಒಂದು ಮಾತು: ಟ್ಯಾಂಕಿನಲ್ಲಿ ನೀರಿರುವಾಗ ಗೇಜ್ ಒತ್ತಿದರೆ ಅದು ತೋರಿಸುವುದು ನೀರಿನ ಒತ್ತಡವನ್ನು. ನಾನೂ ಮೊದಲು ಹಾಗೇ ನೋಡಿ 52 ಇದೆ, ಗಾಳಿ ಸಾಕಷ್ಟಿದೆ ಎಂದು ಮೋಸಹೋಗಿದ್ದೆ. ಖಾಲಿ ಮಾಡಿಯೇ ನೋಡಬೇಕು.

ಮೋಟಾರ್ ಪ್ರತಿ ಸಲ ಶುರುವಾಗುವಾಗ ಓಡುವಾಗಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಕಾಯುತ್ತದೆ. ಆ ಬಿಸಿ ಆರಲು ಒಮ್ಮೆ ಶುರುವಾದರೆ ಕನಿಷ್ಠ ಒಂದು ನಿಮಿಷ ಓಡಬೇಕು. ನನ್ನ ಪಂಪ್ ನಿಮಿಷಕ್ಕೆ ಸುಮಾರು 25 ಲೀಟರ್ ಕೊಡುವುದರಿಂದ ಈ ಅಳತೆ ಸರಿಹೊಂದಿತು. ದೊಡ್ಡ ಪಂಪಿಗೆ ಇದೇ ಟ್ಯಾಂಕ್ ಸಾಲದು.

ಐದನೇ ವರ್ಷ ಬೇರೆಯದೇ ತೊಂದರೆ. ಪಂಪ್ 60 ದಾಟಿದರೂ ನಿಲ್ಲದೆ, 75ಕ್ಕೆ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತಾನೇ ತೆರೆಯುವ ವಾಲ್ವ್) ತೆರೆದು ನೀರು ಚೆಲ್ಲಿತು. ಸ್ವಿಚ್ಚಿನ ಕೆಳಗಿನ ಕಾಲಿಂಚಿನ ನಿಪ್ಪಲ್ (ಸ್ವಿಚ್ಚಿಗೆ ಒತ್ತಡ ಮುಟ್ಟಿಸುವ ಗಿಡ್ಡ ಕೊಳವೆ) ಬಿಚ್ಚಿದರೆ ಒಳಗೆಲ್ಲ ಕೆಂಪು ಕೆಸರು, ಸೂಜಿ ತೂರುವಷ್ಟೂ ದಾರಿಯಿಲ್ಲ. ಒತ್ತಡ ಏರಿದ ಸುದ್ದಿ ಸ್ವಿಚ್ಚಿಗೆ ತಲುಪಿಯೇ ಇರಲಿಲ್ಲ. ಕಾಂಟ್ಯಾಕ್ಟುಗಳೂ ಕರಕಲಾಗಿ ಗುಳಿಬಿದ್ದಿದ್ದವು. ಉಜ್ಜುವ ಗೋಜಿಗೆ ಹೋಗದೆ ಸ್ವಿಚ್ಚನ್ನೇ ಬದಲಿಸಿದೆ. ನಿಮ್ಮ ಜೋಡಣೆಯಲ್ಲಿ ರಿಲೀಫ್ ವಾಲ್ವ್ ಇಲ್ಲದಿದ್ದರೆ ದಯವಿಟ್ಟು ಹಾಕಿಸಿ. ಸ್ವಿಚ್ಚಿನ ಮುಚ್ಚಳ ತೆಗೆಯುವ ಮುನ್ನ ಮೇನ್ ಆರಿಸಿ, ಒಳಗಿನ ತುದಿಗಳಲ್ಲಿ ಕರೆಂಟ್ ಬಯಲಿಗೇ ಇರುತ್ತದೆ.

ಏಳನೇ ವರ್ಷ ಗಾಳಿಯ ವಾಲ್ವಿನ ಪಿನ್ ಒತ್ತಿದಾಗ ಗಾಳಿಯ ಬದಲು ಕಂದು ನೀರು ಚಿಮ್ಮಿತು. ಅಲ್ಲಿಗೆ ಚೀಲ ಹರಿದದ್ದು ಖಾತ್ರಿ. ಟ್ಯಾಂಕ್ ತಟ್ಟಿದರೂ ಮೇಲಿಂದ ಕೆಳಗಿನ ತನಕ ಒಂದೇ ಮಂದ ಸದ್ದು, ಮೇಲ್ಭಾಗದ ಟೊಳ್ಳು ದನಿಯೇ ಇಲ್ಲ. ಕೆಳಗಿನ ಫ್ಲ್ಯಾಂಜಿನ ಬೋಲ್ಟು ಬಿಚ್ಚಿ ಹಳೆಯ ಚೀಲ ಎಳೆದರೆ, ಕುತ್ತಿಗೆಯ ಹತ್ತಿರ ಮಡಿಕೆ ಬೀಳುವ ಕಡೆಯೇ ಬೆರಳುದ್ದ ಸೀಳಿತ್ತು. ಹೊಸದು ಹಾಕಲು ಅರ್ಧ ದಿನ ಹಿಡಿಯಿತು.

ಯಾರೂ ನೀರು ಬಳಸದೆಯೂ ರಾತ್ರಿ ಪಂಪ್ ಶುರುವಾದರೆ ಟ್ಯಾಂಕನ್ನು ದೂರುವ ಮುಂಚೆ ನೀರು ಬಾವಿಗೆ ವಾಪಸ್ ಇಳಿಯದಂತೆ ತಡೆಯುವ ಚೆಕ್ ವಾಲ್ವ್, ಸೋರುವ ನಲ್ಲಿ ನೋಡಿ. ನಮ್ಮಲ್ಲಿ ಒಮ್ಮೆ ಚೆಕ್ ವಾಲ್ವಿನಲ್ಲಿ ಮರಳು ಸಿಕ್ಕಿತ್ತು, ಅಷ್ಟೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಜೊತೆಗೆ ಬಂದ ಗೇಜ್ ಎರಡೇ ವರ್ಷಕ್ಕೆ ಮುಳ್ಳು ಕಚ್ಚಿಕೊಂಡು ನಿಂತಿತು, ಆ ಒಂದು ಅಂಕ ಅದಕ್ಕೆ ಹೋಯಿತು. ಮತ್ತೆ ಕೊಳ್ಳುವುದಾದರೂ ಚೀಲ ಬದಲಿಸಲು ಬರುವ ಈ ಬಗೆಯ ಟ್ಯಾಂಕನ್ನೇ ಕೊಳ್ಳುತ್ತೇನೆ, ಗೇಜನ್ನು ಮಾತ್ರ ಗ್ಲಿಸರಿನ್ ತುಂಬಿದ್ದು ಬೇರೆ ತರುತ್ತೇನೆ.