ಹುತ್ತದ ಅಣಬೆಯೋ, ಹಸಿರು ಪುಡಿಯದೋ?

ಮೊನ್ನೆ ಮಳೆ ನಿಂತ ಮೇಲೆ ಸಂಡೂರಿನ ನಮ್ಮ ಅತ್ತಿಗೆ ಬುಟ್ಟಿಯಲ್ಲಿ ತಿನ್ನುವ ಹುತ್ತದ ಅಣಬೆ, ಹಸಿರು ಪುಡಿ ಉದುರಿಸುವ ವಿಷದ ಅಣಬೆ ಎರಡನ್ನೂ ಬೆರೆಸಿ ತಂದಿದ್ದರು. ನೋಡಲು ಎರಡೂ ಬಿಳಿ ಕೊಡೆಯೇ.

ಹುತ್ತದ ಅಣಬೆಯ ನೆತ್ತಿ ಚೂಪು. ದಂಟು ಬೇರಿನ ಹಾಗೆ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಕೀಳಬೇಡಿ, ಅಗೆದು ನೋಡಿ. ವಿಷದ್ದು ಹುಲ್ಲಿನಲ್ಲಿ ಏಳುತ್ತದೆ. ಕೊಡೆ ಮೇಲೆ ಕಂದು ಚಕ್ಕೆ, ದಂಟಿಗೆ ಬಳೆಯಂಥ ಉಂಗುರ. ಎಳೆಯದಾದರೆ ಕೊಡೆಯ ಅಡಿಯ ಗೆರೆಗಳೂ ಬಿಳಿ, ಅಲ್ಲೇ ಮೋಸ!

ಕೊಡೆ ಕತ್ತರಿಸಿ, ಗೆರೆ ಕೆಳಗಾಗುವಂತೆ ಬಿಳಿ ಹಾಳೆ ಮೇಲೆ ರಾತ್ರಿಯಿಡೀ ಇಡಿ. ಹಸಿರು ಪುಡಿ ಉದುರಿದರೆ ತಿಪ್ಪೆಗೆ. ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ಹುತ್ತದ್ದರ ಪುಡಿ ನಸುಗೆಂಪು. ಆದರೆ ಅದೊಂದನ್ನೇ ನಂಬಬೇಡಿ, ಬೇರೆ ವಿಷದ ಅಣಬೆಗಳಲ್ಲೂ ಅದೇ ಬಣ್ಣ ಇರುತ್ತದೆ. ಬೆಳ್ಳುಳ್ಳಿ ಹಾಕಿ ಕಪ್ಪಾಗುತ್ತಾ ಅಂತ ನೋಡೋದೆಲ್ಲ ಸುಮ್ನೆ.

ಅತ್ತಿಗೆಯ ಬುಟ್ಟಿ ಪೂರ್ತಿ ತಿಪ್ಪೆಗೆ ಹೋಯಿತು. ಅವತ್ತು ಪೇಟೆಯ ಬಟನ್ ಅಣಬೆಯ ಸಾರೇ ಗತಿ.